ಗುಂಡಿಯ ದೀಪ ದೊಡ್ಡದಾಯಿತು

ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆಯಿದೆ. ಅಲ್ಲಿ ಕೂತು ಲಕ್ಷ್ಮೀದೇವಿ ಹೆದರುತ್ತಾಳೆ. ನಗಬೇಡಿ, ಅವಳಿಗೆ ಸಂಬಳ ಕೊಡುವುದೇ ಅದಕ್ಕೆ.

ಹುಟ್ಟಿದ್ದು ಗೋವಿನಕೋವಿಯಲ್ಲಿ. ಚಿಕ್ಕಂದಿನಿಂದಲೂ ಪುಕ್ಕಲಿ. ಶಾಲೆಗೆ ಹೊರಟವಳು ಊರ ಬಾಗಿಲಿನಿಂದ ವಾಪಸು ಓಡಿಬಂದು ಒಲೆ ಆರಿದೆಯೋ ಇಲ್ಲವೋ ನೋಡಿ ಹೋಗುತ್ತಿದ್ದಳು. ಬೀಗ ಹಾಕಿದರೆ ಜಗ್ಗಿ ನೋಡುವುದು, ಜಗ್ಗಿ ನೋಡಿದ ಮೇಲೆ ಇನ್ನೊಂದು ಸಲ ಜಗ್ಗುವುದು. "ನನ್ನ ಮಗಳು ನೆರಳು ಕಂಡ್ರೂ ಹೆದರ್ಕೋತಾಳೆ" ಎಂದು ಅವಳಪ್ಪ ತಿಪ್ಪೇಶಪ್ಪ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಸವಳಂಗಕ್ಕೆ ಮದುವೆ ಮಾಡಿಕೊಟ್ಟರು. ಗಂಡ ಪರಶುರಾಮ್ ಗೂಡ್ಸ್ ಟೆಂಪೋ ಓಡಿಸುವವನು. ಅವನು ಶಿಕಾರಿಪುರಕ್ಕೆ ಹೋಗಿ ಬರುವಷ್ಟರಲ್ಲಿ ಇವಳು ಮನಸ್ಸಿನಲ್ಲೇ ಟೆಂಪೋವನ್ನು ನಾಲ್ಕಾರು ಸಲ ಹಳ್ಳಕ್ಕೆ ಬೀಳಿಸಿರುತ್ತಿದ್ದಳು.

ಅಂಥವಳು ಕೆಲಸ ಕೇಳಿಕೊಂಡು ಬಂದಾಗ ಕಂಪನಿಯ ಸಾಹೇಬರು, "ನಿಮಗೆ ಏನು ಬರುತ್ತಮ್ಮಾ?" ಎಂದು ಕೇಳಿದರು. ಇವಳು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಕಂಪ್ಯೂಟರ್ ಸ್ವಲ್ಪ ಬರ್ತೈತೆ ಸರ್. ಹೆದರಿಕೆ ಮಾತ್ರ ಚೆನ್ನಾಗಿ ಬರ್ತೈತೆ." ಸಾಹೇಬರು ನಕ್ಕು, ನಾಳೆಯಿಂದಲೇ ಬನ್ನಿ ಅಂದರು.

ಕೆಲಸವೆಂದರೆ ಡಬ್ಬಿ ಕಾಯುವುದು. ಜಗಳೂರು ಮತ್ತು ನ್ಯಾಮತಿಯಲ್ಲಿ ಮೆಕ್ಕೆಜೋಳ ಒಣಗಿಸುವ ಕಾರ್ಖಾನೆಗಳು, ಹೊನ್ನಾಳಿಯಲ್ಲಿ ಅಕ್ಕಿ ಗಿರಣಿ, ಚನ್ನಗಿರಿಯಲ್ಲಿ ಕಾಳಿನ ಗೋದಾಮು. ಇವುಗಳ ಗೋಡೆ, ಮೋಟಾರು, ಒಣಗಿಸುವ ಗೋಪುರ, ಎಲ್ಲ ಕಡೆಯೂ ಸೋಪಿನ ಪೆಟ್ಟಿಗೆಯಷ್ಟು ಚಿಕ್ಕ ಡಬ್ಬಿಗಳನ್ನು ಅಂಟಿಸಿದ್ದಾರೆ. ವೈರಿಲ್ಲ. ಒಳಗೊಂದು ಬ್ಯಾಟರಿ. ತನ್ನ ಸುತ್ತಲಿನ ಬಿಸಿ ಎಷ್ಟು, ತೇವ ಎಷ್ಟು, ಗಾಳಿ ಹೇಗಿದೆ ಎಂದು ಒಂದು ಡಬ್ಬಿ ಪಕ್ಕದ್ದಕ್ಕೆ ಹೇಳುತ್ತದೆ, ಪಕ್ಕದ್ದು ಅದರ ಪಕ್ಕದ್ದಕ್ಕೆ. ಹೀಗೆ ಬಾಯಿಂದ ಬಾಯಿಗೆ ದಾಟಿ ಸುದ್ದಿ ಹೊನ್ನಾಳಿಯ ಪರದೆಗೆ ಬರುತ್ತದೆ.

ಇದರಲ್ಲೊಂದು ಚಮತ್ಕಾರವಿದೆ. ಡಬ್ಬಿ ಒಂದೇ, ಒಡೆಯರು ಹಲವರು. ಕಾರ್ಖಾನೆಯವರಿಗೆ ಅದು ಜೀವ ಕಾಯುವ ಡಬ್ಬಿ. ಅಲ್ಲಿ ಕಾಳು ಇಟ್ಟ ವ್ಯಾಪಾರಿಗೆ ಕಾಳಿನ ತೇವ ಹೇಳುವ ಡಬ್ಬಿ. ಒಂದೇ ಬೋರ್‌ವೆಲ್ಲಿಗೆ ಮೂರು ಮನೆಯವರು ನಲ್ಲಿ ಹಾಕಿಕೊಂಡು, ಪ್ರತಿಯೊಬ್ಬರೂ ನೀರು ತಮ್ಮದೇ ಅಂದುಕೊಂಡ ಹಾಗೆ. ತರಬೇತಿ ಕೊಟ್ಟವರು ಇದಕ್ಕೆ 'ವರ್ಚುವಲ್' ಅಂದರು. ಇನ್ನೂ ಒಂದು ಹೇಳಿದರು: ಯಾವುದಾದರೂ ಡಬ್ಬಿ ಮಾತು ನಿಲ್ಲಿಸಿದರೆ, ಅಕ್ಕಪಕ್ಕದ ಡಬ್ಬಿಗಳನ್ನು ನೋಡಿ ಅದರ ಅಂಕಿ ಇಷ್ಟಿರಬಹುದು ಎಂದು ಯಂತ್ರವೇ ಊಹಿಸಿ ತುಂಬಬಲ್ಲದು. ಬೇಕಾದರೆ ಆ ಅನುಕೂಲ ಹಾಕಿಕೊಳ್ಳಬಹುದು, ಬೇಡವಾದರೆ ತೆಗೆಯಬಹುದು. ಲಕ್ಷ್ಮೀದೇವಿ ಅದಕ್ಕೆ 'ನೆರಳು' ಎಂದು ಹೆಸರಿಟ್ಟಳು. ಆಳು ಇಲ್ಲ, ನೆರಳು ಮಾತ್ರ ಇದೆ ಎಂಬ ಅರ್ಥದಲ್ಲಿ. ಅಪ್ಪ ಹೇಳಿದ್ದು ಸುಳ್ಳಾಗಲಿಲ್ಲ ನೋಡಿ, ನೆರಳು ಕಂಡರೆ ಅವಳಿಗೆ ಇಲ್ಲೂ ಹೆದರಿಕೆಯೇ.

ಹೆದರುವುದಕ್ಕೆ ಅವಳದೇ ಒಂದು ಕಾರಣವೂ ಇತ್ತು. ಅವಳ ಅತ್ತೆ ಹೊನ್ನೂರಮ್ಮ ನ್ಯಾಮತಿಯ ಕಾರ್ಖಾನೆಯಲ್ಲೇ ಕೂಲಿ. ಅಲ್ಲಿ ಕಾಳನ್ನು ಮೇಲಕ್ಕೆ ಎತ್ತುವ ಯಂತ್ರದ ಬುಡದಲ್ಲಿ ಆಳವಾದ ಒಂದು ಗುಂಡಿಯಿದೆ. ಸೋರಿದ ಮೆಕ್ಕೆಜೋಳವೆಲ್ಲ ಅಲ್ಲಿ ಬಿದ್ದು ಕೂಡಿಕೊಳ್ಳುತ್ತದೆ. ಆಗಾಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಬಾಚಬೇಕು. ಮಳೆಗಾಲದಲ್ಲಿ ನೀರು ಜಿನುಗಿ ಕಾಳು ಹುಳಿಬಂದರೆ ಆ ಗುಂಡಿಯ ಒಳ್ಳೆಯ ಗಾಳಿಯನ್ನೆಲ್ಲ ತಿಂದುಹಾಕುತ್ತದೆ. ಕಣ್ಣಿಗೆ ಕಾಣುವಂಥದ್ದಲ್ಲ. ಇಳಿದವರು ನಾಲ್ಕು ಮಾತಾಡುವಷ್ಟರಲ್ಲಿ ಮಂಡಿ ಮಡಿಸಿ ಕೂರುತ್ತಾರೆ, ಆಮೇಲೆ ಏಳುವುದಿಲ್ಲ. ಅದಕ್ಕೇ ಗುಂಡಿಯೊಳಗೆ ಗಾಳಿ ನೋಡುವ ಒಂದು ಡಬ್ಬಿ ಇಟ್ಟಿದ್ದಾರೆ. ಇಳಿಯುವವರು ಹಿಡಿ ಜಗ್ಗಿದಾಗ ಗಾಳಿ ಸರಿಯಿದ್ದರೆ ಮಾತ್ರ ಗುಂಡಿಯ ಬಾಗಿಲಿನ ಬೀಗ ತೆರೆಯುತ್ತದೆ. ಕೆಟ್ಟರೆ ಸೈರನ್ ಕೂಗುತ್ತದೆ, ಹೊರಗಿನ ಗಾಳಿ ಒಳಗೆ ನೂಕುವ ದೊಡ್ಡ ಫ್ಯಾನು ತಾನಾಗಿ ತಿರುಗುತ್ತದೆ.

ಡಬ್ಬಿಯ ಮೇಲೊಂದು ಚಿಕ್ಕ ಹಸಿರು ಲೈಟು. ಡಬ್ಬಿಗೆ ಜೀವ ಇದೆ ಎಂಬುದಕ್ಕೆ ಗುರುತು ಅದು. ಹೊನ್ನೂರಮ್ಮ ಪ್ರತಿ ಸಲ ಇಳಿಯುವ ಮುಂಚೆ ಬಾಗಿಲ ಜಾಲರಿಯಿಂದ ಆ ಲೈಟು ನೋಡಿ, ಎರಡೂ ಕೈ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. "ಕತ್ತಲ ಗುಂಡ್ಯಾಗೆ ಉರಿಯಾದು ದೀಪ ಅಲ್ದೆ ಇನ್ನೇನು?" ಎನ್ನುವುದು ಅವಳ ವಾದ.

ಈಗ ಚನ್ನಗಿರಿಯ ಮಲ್ಲಿಕಾರ್ಜುನಪ್ಪನವರ ವಿಷಯ. ಕಾಳಿನ ವ್ಯಾಪಾರಿ, ನ್ಯಾಮತಿಯಲ್ಲೂ ಅವರ ಮೆಕ್ಕೆಜೋಳ ರಾಶಿರಾಶಿ ಬಿದ್ದಿತ್ತು. ಜೋರು ಮಳೆ ಬಂದರೆ ತಗಡಿನ ಗೋದಾಮಿನಲ್ಲಿ ಡಬ್ಬಿಗಳ ಮಾತು ತಪ್ಪುತ್ತದೆ, ಪರದೆಯ ಮೇಲೆ ಅಂಕಿಯ ಜಾಗದಲ್ಲಿ 'ಖಾಲಿ' ಎಂದು ಬರುತ್ತದೆ. ಅವರು ಬೆಳಗ್ಗೆ ಬೆಳಗ್ಗೆಯೇ ಫೋನು ಮಾಡಿ ಕೂಗಾಡಿದರು.

"ಅಲ್ರೀ, ಪೂಜೆ ಮುಗ್ಸಿ ಮೊಬೈಲ್ ತೆಗೆದ್ರೆ ನನ್ನ ರಾಶಿ ಮುಂದೆ ಖಾಲಿ ಖಾಲಿ ಅಂತ ಬರ್ತೈತಲ್ರೀ! ನಮ್ಮನ್ಯಾಗೆ ಉಪ್ಪು ಮುಗಿದ್ರೂ ಖಾಲಿ ಅನ್ನಲ್ಲ. ಇದೇನ್ರೀ ಅಪಶಕುನ? ಏನಾದ್ರೂ ಒಂದು ಅಂಕಿ ಬರೋ ಹಂಗೆ ಮಾಡ್ರಿ."

ಈ ಮಾತು ಅವಳಿಗೆ ಅರ್ಥವಾಗದ್ದೇನಲ್ಲ. ಅವಳ ಮನೆಯೂ ಅಂಥದ್ದೇ. ಹೊನ್ನೂರಮ್ಮನ ಬಾಯಲ್ಲಿ 'ಇಲ್ಲ' ಎಂಬುದು ಇಲ್ಲವೇ ಇಲ್ಲ. ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚೈತೆ' ಎನ್ನಬೇಕು. ಬಳೆ ಒಡೆದರೆ ಬಳೆ ಹೆಚ್ಚಿತು. ಮನೆತುಂಬ ದಾರಿದ್ರ್ಯ ಬಂದು ಕೂರಬಾರದೆಂದರೆ ಬಾಯಿ ತುಂಬ ಮಾತಾಡಬೇಕು ಎಂದು ಅತ್ತೆ ಸೊಸೆಗೆ ಕಲಿಸಿದ್ದಳು. ಹೋಗಲಿ, ಪಾಪ, ಹಿರಿಯರು ಎಂದು ಲಕ್ಷ್ಮೀದೇವಿ ನ್ಯಾಮತಿಗೆ ನೆರಳು ಹಾಕಿದಳು. ಕಾಳಿನ ರಾಶಿಯ ಡಬ್ಬಿಗಳಿಗೆ ಮಾತ್ರ ಹಾಕಬೇಕಿತ್ತು. ಒಂದೊಂದನ್ನೇ ಆರಿಸುವಷ್ಟರಲ್ಲಿ ಅವರ ಫೋನು ಮತ್ತೆ ಬಡಿದುಕೊಂಡಿತು. ಇವಳು ಅವಸರದಲ್ಲಿ 'ಎಲ್ಲಕ್ಕೂ' ಎಂಬುದನ್ನು ಒತ್ತಿಬಿಟ್ಟಳು. ಬೀಗ ಎರಡೆರಡು ಸಲ ಜಗ್ಗುವ ಹೆಣ್ಣು, ಇದೊಂದನ್ನು ಮಾತ್ರ ತಿರುಗಿ ನೋಡಲಿಲ್ಲ.

ಮಾರನೆಯ ದಿನ ಮಧ್ಯಾಹ್ನ. ಊಟ ಮುಗಿಸಿ ಮಹಡಿ ಹತ್ತಿಬಂದ ಲಕ್ಷ್ಮೀದೇವಿಗೆ ಜೊತೆಯ ಕೆಲಸದ ರವಿಕುಮಾರ್ ನಗುತ್ತ ಹೇಳಿದ. ದಾವಣಗೆರೆ ಪೇಟೆಯಲ್ಲಿ, ಹಾಸ್ಟೆಲುಗಳಲ್ಲಿ ಬೆಳೆದವನು, ಒಳ್ಳೆಯ ಹುಡುಗ.

"ಅಕ್ಕಾ, ನಿಮ್ಮತ್ತೆ ಫೋನ್ ಮಾಡಿದ್ರು. ಗುಂಡಿ ಲೈಟು ಚೆನ್ನಾಗಿ ಉರೀತಿದೆಯಂತೆ. ಆಯ್ತು ಅಜ್ಜಿ ಅಂದೆ."

"ಅಷ್ಟೇನಾ?"

"ಅಷ್ಟೇ."

ಲಕ್ಷ್ಮೀದೇವಿ ಕುರ್ಚಿಯಲ್ಲಿ ಕೂತಳು. ಕೂತವಳಿಗೆ ಕೂರಲಾಗಲಿಲ್ಲ. ಕಾರ್ಖಾನೆಯ ಗೇಟಿನಲ್ಲೇ ಮೊಬೈಲು ಕಸಿದಿಡುತ್ತಾರೆ. ಫೋನು ಮಾಡಬೇಕೆಂದರೆ ಆಫೀಸಿಗೆ ಹೋಗಿ, ಸೂಪರ್‌ವೈಸರ್ ಕಲ್ಲೇಶಪ್ಪನ ಮುಂದೆ ನಿಂತು ಕೇಳಬೇಕು. ಲೈಟು ಚೆನ್ನಾಗಿ ಉರಿಯುತ್ತಿದೆ ಎಂದು ಹೇಳಲು ಅತ್ತೆ ಅಷ್ಟು ದೂರ ನಡೆಯುತ್ತಾಳೆಯೇ? ಚೆನ್ನಾಗಿದೆ ಎಂದು ಹೇಳಲು ಆ ಹೆಂಗಸು ಹುಟ್ಟಿದಾಗಿನಿಂದ ಯಾರಿಗಾದರೂ ಫೋನು ಮಾಡಿದ್ದುಂಟೇ?

ಪರದೆ ನೋಡಿದಳು. ನ್ಯಾಮತಿಯ ಗುಂಡಿ ಹಸಿರು. ಗಾಳಿ ಸರಿಯಿದೆ. ಬಾಗಿಲು ತೆರೆದಿದೆ.

ತೆರೆದಿದೆ ಎಂದರೆ ಯಾರೋ ಇಳಿಯುತ್ತಿದ್ದಾರೆ ಎಂದೇ ಅರ್ಥ. ಈ ವಾರ ಗುಂಡಿಯ ಪಾಳಿ ಹೊನ್ನೂರಮ್ಮನದು ಮತ್ತು ಹಮಾಲಿ ಧರ್ಮಪ್ಪನದು. ಲಕ್ಷ್ಮೀದೇವಿ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಹುಚ್ಚಿ, ಹಸಿರು ಇದೆಯಲ್ಲೇ, ಸುಮ್ಮನಿರು ಎಂದು ತನ್ನನ್ನೇ ಬೈದುಕೊಂಡಳು. ಆದರೂ ಕಣ್ಣು ಅಲ್ಲಿಂದ ಕೀಳಲಾಗಲಿಲ್ಲ. ಗುಂಡಿಯ ಎಡಕ್ಕಿರುವ ಡಬ್ಬಿ ಸ್ವಲ್ಪ ಏರಿತು, ಗುಂಡಿಯೂ ಏರಿತು. ಬಲದ್ದು ಸ್ವಲ್ಪ ಇಳಿಯಿತು, ಗುಂಡಿಯೂ ಇಳಿಯಿತು. ಸ್ವಂತ ಬುದ್ಧಿಯಿಲ್ಲದವರ ಹಾಗೆ ಅಕ್ಕಪಕ್ಕದವರನ್ನು ನೋಡಿ ತಲೆಯಾಡಿಸುತ್ತಿತ್ತು. ಅವೆರಡೂ ಡಬ್ಬಿಗಳಿರುವುದು ಮೇಲೆ, ಗಾಳಿ ಆಡುವ ಅಂಗಳದಲ್ಲಿ.

"ರವಿ, ಅತ್ತೆ ಏನಂದ್ರು? ಅವರ ಬಾಯಿಂದ ಬಂದ ಮಾತು ಹೇಳು. ನೀನು ತಿಳ್ಕೊಂಡಿದ್ದು ಬ್ಯಾಡ."

ರವಿಕುಮಾರ್ ನೆನಪಿಸಿಕೊಂಡ. "ಲಕ್ಷ್ಮಿಗೆ ಹೇಳಪ್ಪ, ಗುಂಡ್ಯಾಗಿನ ದೀಪ ದೊಡ್ಡದಾಗೈತೆ ಅಂತ. ಇಷ್ಟೇ ಅಕ್ಕ. ದೊಡ್ಡದಾಗಿ ಉರೀತಿದೆ ಅಂತ ತಾನೇ?"

ಲಕ್ಷ್ಮೀದೇವಿ ಎದ್ದು ನಿಂತಳು. ಅಯ್ಯೋ ಶಿವನೇ! ದೀಪ ಆರಿತು ಎಂದು ಯಾವ ಮನೆಯಲ್ಲಿ ಹೇಳುತ್ತಾರೆ? ರಾತ್ರಿ ಮಲಗುವಾಗ 'ದೀಪ ದೊಡ್ಡದು ಮಾಡು' ಎನ್ನುವ ಅತ್ತೆ ಅವಳು. ದೀಪ ದೊಡ್ಡದಾಗಿದೆ ಎಂದರೆ ಆರಿಹೋಗಿದೆ. ಡಬ್ಬಿ ಸತ್ತಿದೆ. ಸತ್ತ ಡಬ್ಬಿಯ ಜಾಗದಲ್ಲಿ ನೆರಳು ಕೂತು ಎಲ್ಲ ಸರಿಯಿದೆ ಎನ್ನುತ್ತಿದೆ. ಬಾಗಿಲು ಆ ನೆರಳಿನ ಮಾತು ನಂಬಿ ತೆರೆದುಕೊಂಡಿದೆ. ಆ ನೆರಳನ್ನು ಕೂರಿಸಿದ್ದು ಯಾರು? ನಿನ್ನೆಯ ತನ್ನ ಬೆರಳು ಅವಳ ನೆನಪಿಗೆ ಬಂತು.

ಫೋನು ಹಚ್ಚಿದಳು. ಕಲ್ಲೇಶಪ್ಪ ಎತ್ತಿದ.

"ಕಲ್ಲೇಶಪ್ಪಣ್ಣಾ, ಗುಂಡಿಗೆ ಯಾರನ್ನೂ ಇಳಿಸ್ಬ್ಯಾಡ್ರಿ! ಡಬ್ಬಿ ಕೆಟ್ಟೈತೆ!"

"ಏನಮ್ಮಾ ಹಿಂಗಂತೀಯ? ನನ್ನ ಮುಂದಿನ ಪರದೆ ಮ್ಯಾಲೇ ಹಸಿರು ಐತೆ. ಬಾಗ್ಲು ತಾನಾಗೇ ತೆಗೆದೈತೆ. ಧರ್ಮಪ್ಪ ಇಳಿದ, ನಿಮ್ಮತ್ತೆ ಬಾಗ್ಲತ್ರ ಅದಾಳೆ."

"ಆ ಹಸಿರು ಸುಳ್ಳಣ್ಣ! ಕೂಗ್ರಿ, ಹತ್ತಿಸ್ರಿ ಅವನನ್ನ!"

"ನಿಂದು ಯಾವಾಗ್ಲೂ ಇದ್ದಿದ್ದೇ ತಗಾ. ಮೊನ್ನೆ ಮೋಟಾರು ಬಿಸಿ ಅಂತ ಕೆಲ್ಸ ನಿಲ್ಸಿದೆ, ಏನೂ ಇರ್ಲಿಲ್ಲ. ತಡಿ, ನೋಡ್ತೀನಿ," ಎಂದು ಅವನು ಫೋನು ಇಟ್ಟ.

ನೋಡಿದಿರಾ, ದಿನವೂ ಹೆದರುವವರ ಪಾಡು ಇದು. ನಿಜವಾಗಿ ಹೆದರಿದ ದಿನ ಯಾರೂ ನಂಬುವುದಿಲ್ಲ. ಆಫೀಸಿನಿಂದ ಗುಂಡಿಗೆ ಅಂಗಳ ದಾಟಿ, ಗೋಪುರ ಸುತ್ತಿ ಹೋಗಬೇಕು. ಕಲ್ಲೇಶಪ್ಪ ಓಡುವ ಆಸಾಮಿಯಲ್ಲ. ಡಬ್ಬಿ ರಿಪೇರಿ ಮಾಡುವ ಪರಮೇಶ್ ಜಗಳೂರಿಗೆ ಹೋಗಿದ್ದ. ಧರ್ಮಪ್ಪ ಕೂತುಬಿಟ್ಟರೆ ಅತ್ತೆ ಸುಮ್ಮನೆ ನೋಡುತ್ತ ನಿಲ್ಲುವ ಹೆಂಗಸಲ್ಲ. ಸೆರಗು ಸಿಕ್ಕಿಸಿ ತಾನೂ ಇಳಿಯುತ್ತಾಳೆ. ಗುಂಡಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುವುದು ಹಾಗೆಯೇ.

ನೆರಳು ತೆಗೆದುಹಾಕಿದರೆ? ಪರದೆಯಲ್ಲಿ 'ಖಾಲಿ' ಬರುತ್ತದೆ. ಬೀಗ ಹೊಸದಾಗಿ ತೆರೆಯುವುದಿಲ್ಲ, ಅಷ್ಟೇ. ತೆರೆದದ್ದು ತೆರೆದೇ ಇರುತ್ತದೆ. ಖಾಲಿಗೆ ಸೈರನ್ ಕೂಗುವುದಿಲ್ಲ, ಫ್ಯಾನು ತಿರುಗುವುದಿಲ್ಲ. ಅವು ಏಳಬೇಕೆಂದರೆ ಗಾಳಿ ಕೆಟ್ಟಿದೆ ಎಂದು ಅಂಕಿಯೇ ಹೇಳಬೇಕು.

ಪರೀಕ್ಷೆಗೆಂದು ನೆರಳಿನ ಜಾಗದಲ್ಲಿ ಕೈಯಿಂದಲೇ ಅಂಕಿ ಹಾಕಬಹುದಿತ್ತು. ಆದರೆ ಕೆಲಸ ನಡೆಯುವಾಗ ಯಾರೂ ಹಾಕಕೂಡದು, ಹಾಕಿದರೆ ಕೆಲಸ ಹೋಗುತ್ತದೆ ಎಂದು ಸೇರಿದ ದಿನವೇ ಹೇಳಿದ್ದರು. ಇಡೀ ಕಾರ್ಖಾನೆ ನಿಂತುಹೋಗುತ್ತದೆ, ಆಟವಲ್ಲ ಅದು.

"ಅಕ್ಕಾ, ಸಾಹೇಬ್ರನ್ನ ಕೇಳೋಣ," ಎಂದ ರವಿಕುಮಾರ್.

"ಕೇಳು. ನೀನು ಕೇಳ್ತಿರು," ಎಂದು ಅವಳು ನೆರಳಿನ ಬಾಯಿಗೆ ಕೆಟ್ಟ ಅಂಕಿ ತುಂಬಿ ಒತ್ತಿದಳು. ಮೊದಲ ಸಲ ತಪ್ಪಿತು. ಮತ್ತೆ ಒತ್ತಿದಳು.

ಪರದೆ ಕೆಂಪಾಯಿತು. ಫ್ಯಾನು ತಿರುಗುತ್ತಿದೆ ಎಂದು ಬಂತು. ಸೈರನ್ ಕೂಗುತ್ತಿದೆ ಎಂದು ಬಂತು. ಆದರೆ ಅವೂ ಪರದೆಯ ಮೇಲಿನ ಮಾತೇ ಅಲ್ಲವೇ? ಹೊನ್ನಾಳಿಯ ಮಹಡಿಯಲ್ಲಿ ಸೈರನ್ ಕೇಳುತ್ತದೆಯೇ? ಕೆಳಗೆ ಗೊಬ್ಬರದ ಅಂಗಡಿಯವನು ಯಾರೊಂದಿಗೋ ಚೌಕಾಸಿ ಮಾಡುವುದು ಮಾತ್ರ ಕೇಳುತ್ತಿತ್ತು. ನ್ಯಾಮತಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಇನ್ನೊಮ್ಮೆ ಹಚ್ಚಿದಳು. ಎತ್ತಲಿಲ್ಲ.

"ಬೈಕ್ ತಗಿ ರವಿ," ಅಂದಳು.

ನ್ಯಾಮತಿಯ ರಸ್ತೆ ಅವಳಿಗೆ ಎಂದೂ ಅಷ್ಟು ಉದ್ದವಾಗಿರಲಿಲ್ಲ. ಎದುರಿಗೆ ಬಂದ ಪ್ರತಿ ಗಾಡಿಯನ್ನೂ ಆಂಬುಲೆನ್ಸೇನೋ ಎಂದು ನೋಡಿದಳು. ಬೆಳಗ್ಗೆ ಅತ್ತೆ ಬುತ್ತಿ ಕಟ್ಟುವಾಗ ತಾನು ಏನೋ ಸಿಡುಕಿದ್ದು ನೆನಪಾಯಿತು, ಯಾತಕ್ಕೆ ಎಂಬುದು ಮಾತ್ರ ನೆನಪಾಗಲಿಲ್ಲ. ಪರಶುರಾಮನಿಗೆ ಏನು ಹೇಳಲಿ? ನಿಮ್ಮವ್ವ ಹೇಳಿ ಕಳಿಸಿದ್ದಳು, ನಮಗೆ ತಿಳಿಯಲಿಲ್ಲ ಎನ್ನಲೇ? ಮಡಿಲಲ್ಲಿ ಫೋನು ಕಂಪಿಸಿತು. ನ್ಯಾಮತಿಯ ನಂಬರು. ಎತ್ತಲು ಧೈರ್ಯವಾಗಲಿಲ್ಲ. ಎತ್ತದಿರಲೂ ಆಗಲಿಲ್ಲ.

"ಏನೇ ಲಕ್ಷ್ಮೀ! ಆಗ್ಲೇ ಹೇಳಿ ಕಳ್ಸಿದ್ನಲ್ಲೇ, ದೀಪ ದೊಡ್ಡದಾಗೈತೆ ಅಂತ! ಕಿವಿ ಎಲ್ಲಿ ಇಟ್ಟಿದ್ರಿ ನೀವೆಲ್ಲ?"

ಅತ್ತೆಯ ಬೈಗುಳ ಯಾವ ಸೊಸೆಗೂ ಅಷ್ಟು ಸಿಹಿಯಾಗಿ ಕೇಳಿಸಿರಲಿಕ್ಕಿಲ್ಲ. ಲಕ್ಷ್ಮೀದೇವಿ ರವಿಯ ಬೆನ್ನಿಗೆ ಹಣೆ ಒತ್ತಿ ಗಟ್ಟಿಯಾಗಿ ಅತ್ತಳು. ಅವನು ಗಾಬರಿಯಾಗಿ ಬೈಕು ನಿಲ್ಲಿಸಿದ.

ನಡೆದದ್ದು ಆಮೇಲೆ ತಿಳಿಯಿತು. ದೀಪದ ವಿಷಯ ಕೇಳಿ ಕಲ್ಲೇಶಪ್ಪ ಪರದೆಯ ಹಸಿರು ತೋರಿಸಿ ಕಳಿಸಿದ್ದ. ಇಳಿಯಬೇಡ ಎಂದು ಹೊನ್ನೂರಮ್ಮ ಧರ್ಮಪ್ಪನಿಗೆ ಹೇಳಿದ್ದಳು. "ಬಾಗ್ಲೇ ತೆಗೆದೈತಲ್ಲ ಅಕ್ಕ, ಬಾಗ್ಲಿಗಿಂತ ನಿಂಗೆ ಗೊತ್ತಾ?" ಎಂದು ಅವನು ಇಳಿದ. ಇಳಿದು ಸಲಿಕೆ ಎತ್ತಿದವನು ಹಾಗೆಯೇ ಕುಸಿದು ಕೂತ. ಇವಳು ಚೀರಿ, ಒಬ್ಬಳೇ ಹಗ್ಗ ಎಳೆಯಲಾಗದೆ ಏಣಿಯ ಮೊದಲ ಮೆಟ್ಟಿಲಿಗೆ ಕಾಲು ಇಟ್ಟಿದ್ದಳು. ಆಗ ಸೈರನ್ ಕೂಗಿತು. ತಲೆಯ ಮೇಲೆಯೇ ಫ್ಯಾನು ಭರ್ರನೆ ತಿರುಗಿ, ಸೀರೆ ಮುಖಕ್ಕೆ ಹೊಡೆದು, ಬೆಚ್ಚಿಬಿದ್ದು ಹಿಂದಕ್ಕೆ ಸರಿದಳು. ಸೈರನ್ನಿಗೆ ಕಲ್ಲೇಶಪ್ಪನೂ ಓಡಿದ. ಓಡಲು ಬರುತ್ತದೆ ಎಂದು ಅವತ್ತು ಎಲ್ಲರಿಗೂ ಗೊತ್ತಾಯಿತು. ಧರ್ಮಪ್ಪನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಹಿಡಿದು ಎಲ್ಲರೂ ಎಳೆದರು.

ಲಕ್ಷ್ಮೀದೇವಿ ಆಸ್ಪತ್ರೆ ತಲುಪಿದಾಗ ಧರ್ಮಪ್ಪ ಕಣ್ಣು ಬಿಟ್ಟಿದ್ದ. ಹೆಂಡತಿಯ ಹೆಸರು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಆ ಹೆಂಗಸು ಅವನ ಕೈ ಬಿಡದೆ ಮಂಚದ ಪಕ್ಕದಲ್ಲಿ ಕೂತಿದ್ದಳು. ಆಕೆಯ ಮುಖ ನೋಡಲು ಲಕ್ಷ್ಮೀದೇವಿಗೆ ಆಗಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಅತ್ತೆ ಕೂತಿದ್ದಳು. ಪಕ್ಕದಲ್ಲಿ ಕೂತು ಸೊಸೆ ಎಲ್ಲವನ್ನೂ ಹೇಳಿದಳು. ಚನ್ನಗಿರಿಯವರ ಫೋನು, ಖಾಲಿ ಕಾಣಬಾರದೆಂದು ತಾನು ತುಂಬಿಸಿದ್ದು, ಅವಸರದಲ್ಲಿ ಎಲ್ಲಕ್ಕೂ ಒತ್ತಿದ್ದು. "ನಂದೇ ತಪ್ಪು ಅತ್ತೆ. ಸಾಹೇಬ್ರಿಗೂ ಹೇಳೀನಿ. ಕೆಲಸ ಇರ್ತೈತೋ ಹೋಗ್ತೈತೋ ನಾಳೆ ಹೇಳ್ತೀನಿ ಅಂದಾರೆ."

ಹೊನ್ನೂರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಖಾಲಿ ಇದ್ದಿದ್ದನ್ನ ತುಂಬೈತೆ ಅಂತ ತೋರಿಸ್ತಾ ಅದು?" ಎಂದು ಕೇಳಿದಳು.

"ಹೂಂ ಅತ್ತೆ."

"ನಾನೂ ಅದನ್ನೇ ಮಾಡ್ದೆ ಬಿಡು," ಎಂದಳು. ಎದ್ದು, ಸೊಸೆಯ ಕೈ ಹಿಡಿದು ಸವಳಂಗದ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಮಲ್ಲಿಕಾರ್ಜುನಪ್ಪನವರ ಫೋನು ಬಂತು. ರವಿಕುಮಾರ್ ಆಗಲೇ ಹೊನ್ನಾಳಿಗೆ ವಾಪಸು ಹೋಗಿ ನ್ಯಾಮತಿಯ ನೆರಳುಗಳನ್ನೆಲ್ಲ ತೆಗೆದಿದ್ದ. "ಏನ್ರೀ, ಮತ್ತೆ ಖಾಲಿ ಅಂತ ಬರ್ತೈತಲ್ರೀ?"

"ಖಾಲಿ ಐತ್ರೀ, ಅದಕ್ಕೇ ಖಾಲಿ ಅಂತ ಬರ್ತೈತೆ," ಎಂದಳು ಲಕ್ಷ್ಮೀದೇವಿ. ಆ ಕಡೆ ಅವರು ಏನೋ ಹೇಳುತ್ತಿದ್ದರು. ಇವಳಿಗೆ ಕೇಳುವ ಶಕ್ತಿ ಇರಲಿಲ್ಲ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಪರಶುರಾಮ್ ಇನ್ನೂ ಬಂದಿರಲಿಲ್ಲ. ಹೊನ್ನೂರಮ್ಮ ದೇವರ ಮುಂದೆ ದೀಪ ಹಚ್ಚಿ, ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬದ ಮುಚ್ಚಳ ತೆಗೆದಳು. ಪಾವು ತಳಕ್ಕೆ ಬಡಿದ ಸದ್ದು ಪಡಸಾಲೆಗೂ ಕೇಳಿಸಿತು.

"ಲಕ್ಷ್ಮೀ, ಅಕ್ಕಿ..." ಎಂದು ನಿಲ್ಲಿಸಿದಳು.

ಲಕ್ಷ್ಮೀದೇವಿ ಕಾದಳು. ಮದುವೆಯಾಗಿ ಬಂದಾಗಿನಿಂದ ಕೇಳಿದ ಮಾತು, ಮುಂದಿನದು ಏನೆಂದು ಅವಳಿಗೆ ಗೊತ್ತಿತ್ತು.

"ಅಕ್ಕಿ ಖಾಲಿ ಆಗೈತೆ," ಎಂದಳು ಹೊನ್ನೂರಮ್ಮ.

ಆ ಮನೆಯಲ್ಲಿ ಆ ಮಾತು ಅದೇ ಮೊದಲು. ಇಬ್ಬರೂ ಸೂರಿನ ಕಡೆ ನೋಡಿದರು, ಏನಾದರೂ ಕಳಚಿ ಬೀಳುತ್ತದೇನೋ ಎಂದು ಕಾಯುವವರ ಹಾಗೆ. ಏನೂ ಬೀಳಲಿಲ್ಲ. ಲಕ್ಷ್ಮೀದೇವಿ ಕಣ್ಣು ಒರೆಸಿಕೊಂಡು, ಗೂಟದ ಚೀಲ ತೆಗೆದು ಅಂಗಡಿಗೆ ಹೊರಟಳು.

ಹೊರಟವರನ್ನು ಹಿಂದಿನಿಂದ ಕೂಗಬಾರದು. ದೀಪ ಹಚ್ಚಿದ ಮೇಲೆ ಉಪ್ಪಿನ ಹೆಸರು ಎತ್ತಲೇಬಾರದು. ಇದನ್ನೂ ಕಲಿಸಿದ್ದು ಅತ್ತೆಯೇ. ಆದರೆ ಅವಳು ಹೊಸ್ತಿಲು ದಾಟುವಷ್ಟರಲ್ಲಿ ಒಳಗಿನಿಂದ ಗಟ್ಟಿಯಾಗಿ ಕೂಗು ಬಂತು.

"ಲಕ್ಷ್ಮೀ, ಉಪ್ಪೂ ಇಲ್ಲ ಕಣೇ!"